ಸ್ಟೆಂಟ್ ಹಾಕಿಸಿದ ಮೇಲೆ ಬರುವ ತೊಂದರೆಗಳು: ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು

ಹಾಸನದ ಜನ 2025ರ ಜೂನ್, ಜುಲೈ ತಿಂಗಳನ್ನು ಮರೆತಿರಲಿಕ್ಕಿಲ್ಲ. ಬೆಳಗಾದರೆ ಹೃದಯಾಘಾತದ ಸುದ್ದಿ. ಎದೆ ಸ್ವಲ್ಪ ಚುಚ್ಚಿದರೂ ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ಹೋಗಿ ಸಾಲಲ್ಲಿ ನಿಂತರು. ಆಮೇಲೆ ಜಯದೇವದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ದಾಖಲೆಗಳನ್ನು ನೋಡಿ, ಜಿಲ್ಲೆಯಲ್ಲಿ ಹೃದಯಾಘಾತ ಏಕಾಏಕಿ ಏರಿದ್ದಕ್ಕೆ ಆಧಾರ ಇಲ್ಲ ಎಂದು ಹೇಳಿತು. ಗಾಬರಿ ಇಳಿಯಿತು. ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವ ಅಭ್ಯಾಸವೂ ಸ್ವಲ್ಪ ಕಡಿಮೆಯಾಯಿತು. ಅದು ಒಳ್ಳೆಯದೇ ಆಯಿತು.

ಆದರೆ ನಮ್ಮ ಕಡೆ ಎಲ್ಲ ಮಾತೂ ಸ್ಟೆಂಟ್ ಹಾಕುವವರೆಗೆ ಮಾತ್ರ. ಎಷ್ಟು ಪರ್ಸೆಂಟ್ ಬ್ಲಾಕ್, ಎಷ್ಟು ಖರ್ಚು, ಯಾವ ಡಾಕ್ಟ್ರು, ಎಲ್ಲ ಕೇಳುತ್ತಾರೆ. ಮನೆಗೆ ಬಂದ ಮೇಲೆ ‘ಸ್ಟೆಂಟ್ ಹಾಕಿ ಆಯ್ತಲ್ಲ, ಇನ್ನೇನೂ ಭಯ ಇಲ್ಲ’ ಎಂದು ಹಾರ ಹಾಕಿ ಬಿಡುತ್ತಾರೆ. ಮುಂದೆ ಕೈ ಊದಿದರೆ, ಮಲ ಕಪ್ಪಾದರೆ, ಎದೆ ಮತ್ತೆ ಹಿಡಿದರೆ ಏನು ಮಾಡಬೇಕು ಅನ್ನುವುದು ಮನೆಯವರಿಗೆ ಗೊತ್ತಿರುವುದಿಲ್ಲ. ಕೆಲವಕ್ಕೆ ಸುಮ್ನೆ ಹೆದರುತ್ತಾರೆ. ಹೆದರಬೇಕಾದ ಕಡೆ ಬೆಳಗಾಗಲಿ ಎಂದು ಕಾಯುತ್ತಾರೆ. ನಾನು ಇದನ್ನು ಬರೆಯುತ್ತಿರುವುದು ಈ ಎರಡನೇ ಗುಂಪಿಗಾಗಿ.

ಒಳಗೆ ಏನಾಗಿರುತ್ತದೆ

ಸ್ಟೆಂಟ್ ಅಂದರೆ ಜಾಲರಿಯಂಥ ಸಣ್ಣ ಲೋಹದ ಕೊಳವೆ. ಬಾಲ್‌ಪೆನ್ನಿನ ಒಳಗಿನ ಸ್ಪ್ರಿಂಗ್ ನೆನಪಿಸಿಕೊಳ್ಳಿ, ಸುಮಾರು ಹಾಗೇ ಕಾಣುತ್ತದೆ. ಅಗಲ ಸಾಮಾನ್ಯವಾಗಿ ಎರಡೂಕಾಲರಿಂದ ನಾಲ್ಕು ಮಿಲಿಮೀಟರ್. ಬಲೂನಿನ ಮೇಲೆ ಮುದುಡಿಟ್ಟು, ಕಟ್ಟಿಕೊಂಡ ಜಾಗಕ್ಕೆ ಒಯ್ದು, ಬಲೂನ್ ಉಬ್ಬಿಸಿದರೆ ಜಾಲರಿ ಅರಳಿ ರಕ್ತನಾಳದ ಗೋಡೆಗೆ ಒತ್ತಿ ಕೂರುತ್ತದೆ. ಬಲೂನ್ ವಾಪಸ್ ಬರುತ್ತದೆ, ಜಾಲರಿ ಅಲ್ಲೇ ಉಳಿಯುತ್ತದೆ.

ರಕ್ತಕ್ಕೆ ಈ ಲೋಹ ಹೊಸಬ. ಹೊಸ ವಸ್ತು ಕಂಡ ಕೂಡಲೇ ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಅದಕ್ಕೆ ಅಂಟಿಕೊಳ್ಳಲು ನೋಡುತ್ತವೆ. ಬಿಟ್ಟರೆ ಹೆಪ್ಪು ಕಟ್ಟುತ್ತದೆ. ಇನ್ನೊಂದು ಕಡೆ, ನಾಳದ ಗೋಡೆ ತನಗಾದ ಗಾಯವನ್ನು ಮುಚ್ಚಲು ಶುರು ಮಾಡುತ್ತದೆ. ಕೆಲವು ವಾರ, ಕೆಲವು ತಿಂಗಳಲ್ಲಿ ಲೋಹದ ಮೇಲೆ ತೆಳ್ಳನೆಯ ಒಳಪದರ ಬೆಳೆದು ಅದನ್ನು ಮರೆಮಾಡುತ್ತದೆ. ಆಮೇಲೆ ರಕ್ತಕ್ಕೆ ಲೋಹ ಕಾಣುವುದೇ ಇಲ್ಲ.

ಸ್ಟೆಂಟಿನ ಎರಡು ದೊಡ್ಡ ತೊಂದರೆಗಳೂ ಹುಟ್ಟುವುದು ಇಲ್ಲಿಂದಲೇ. ಪದರ ಮುಚ್ಚುವ ಮೊದಲೇ ಹೆಪ್ಪು ಕಟ್ಟಿದರೆ ಅದು ಹಠಾತ್ ಅಪಾಯ. ಪದರ ಬೇಕಾದ್ದಕ್ಕಿಂತ ಜಾಸ್ತಿ ಬೆಳೆದರೆ ನಾಳ ನಿಧಾನಕ್ಕೆ ಮತ್ತೆ ಕಿರಿದಾಗುತ್ತದೆ.

ಇದರ ಹಿಂದೆ ಸ್ವಲ್ಪ ಇತಿಹಾಸ ಇದೆ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಮೊದಲ ಬಾರಿಗೆ ಹೃದಯದ ರಕ್ತನಾಳವನ್ನು ಬಲೂನಿನಿಂದ ತೆರೆದರು. ಬರೀ ಬಲೂನ್ ಹಾಕಿದವರಲ್ಲಿ ನೂರಕ್ಕೆ 30ರಿಂದ 40 ಜನಕ್ಕೆ ಮತ್ತೆ ಬ್ಲಾಕ್ ಆಗುತ್ತಿತ್ತು. 1986ರಲ್ಲಿ ಸ್ಟೆಂಟ್ ಬಂತು. ಆ ಸಂಖ್ಯೆ 20ರಿಂದ 30ಕ್ಕೆ ಇಳಿಯಿತು. 2000ದ ದಶಕದ ಆರಂಭದಲ್ಲಿ ಔಷಧಿ ಸವರಿದ ಸ್ಟೆಂಟ್ ಬಂತು. ಆ ಔಷಧಿ ನಿಧಾನಕ್ಕೆ ಗೋಡೆಗೆ ಇಳಿದು, ಒಳಪದರ ಅತಿಯಾಗಿ ಬೆಳೆಯದ ಹಾಗೆ ತಡೆಯುತ್ತದೆ. ಮತ್ತೆ ಕಿರಿದಾಗುವುದು ನೂರಕ್ಕೆ ಐದರಿಂದ ಹತ್ತಕ್ಕೆ ಬಂದು ನಿಂತಿತು. ಆದರೆ ಪದರ ಬೆಳೆಯುವುದು ನಿಧಾನವಾದರೆ ಲೋಹ ರಕ್ತಕ್ಕೆ ತೆರೆದುಕೊಂಡಿರುವ ದಿನಗಳೂ ಜಾಸ್ತಿಯಾಗುತ್ತವೆ, ಅಲ್ವಾ? ಆ ದಿನಗಳನ್ನು ದಾಟಿಸುವುದೇ ಮಾತ್ರೆಯ ಕೆಲಸ. ‘ರಕ್ತ ತೆಳು ಮಾಡೋ ಮಾತ್ರೆ’ ಎಂದು ನಾವು ಕರೆಯುವ ಎರಡು ಮಾತ್ರೆಗಳನ್ನು ತಿಂಗಳುಗಟ್ಟಲೆ ಕೊಡುವುದು ಇದಕ್ಕೇ.

ಈಗ ಹಾಕುವುದು ಹೆಚ್ಚುಕಡಿಮೆ ಎಲ್ಲ ಔಷಧಿ ಸವರಿದ ಸ್ಟೆಂಟ್‌ಗಳೇ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿತು. ಲಕ್ಷದ ಆಚೆ ಇದ್ದ ಔಷಧಿ ಸ್ಟೆಂಟ್ ಅವತ್ತು 29,600 ರೂಪಾಯಿಗೆ ಇಳಿಯಿತು. ತೋಟದ ಕೂಲಿಯವರ ಮನೆಗೂ ಸ್ಟೆಂಟ್ ತಲುಪಲು ಅದು ದೊಡ್ಡ ಕಾರಣ.

ಹೆಪ್ಪು ಕಟ್ಟಿದರೆ

ಸ್ಟೆಂಟಿನ ಒಳಗೆ ರಕ್ತ ಹೆಪ್ಪುಗಟ್ಟುವುದು ಅಪರೂಪ. ಈಗಿನ ಸ್ಟೆಂಟ್‌ಗಳಲ್ಲಿ, ಮಾತ್ರೆ ಸರಿಯಾಗಿ ತೆಗೆದುಕೊಂಡರೆ, ಮೊದಲ ವರ್ಷದಲ್ಲಿ ನೂರರಲ್ಲಿ ಒಬ್ಬರಿಗೂ ಆಗುವುದಿಲ್ಲ. ಆದರೆ ಆದವರಿಗೆ ಅದು ಸಣ್ಣ ವಿಷಯವಲ್ಲ. ತೆರೆದಿದ್ದ ನಾಳ ನಿಮಿಷಗಳಲ್ಲಿ ಪೂರ್ತಿ ಮುಚ್ಚುತ್ತದೆ. ಹಾಗಾಗಿ ಬರುವುದು ದೊಡ್ಡ ಹೃದಯಾಘಾತವೇ. ಇದರಲ್ಲಿ ತೀರಿಕೊಳ್ಳುವವರ ಪ್ರಮಾಣ ಸಾಮಾನ್ಯ ಹೃದಯಾಘಾತಕ್ಕಿಂತ ಜಾಸ್ತಿ.

ಅಪಾಯ ಎಲ್ಲಕ್ಕಿಂತ ಹೆಚ್ಚಿರುವುದು ಮೊದಲ 30 ದಿನ. ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ವರ್ಷಗಳ ನಂತರವೂ ಆಗುವುದುಂಟು, ಅದು ಇನ್ನೂ ಅಪರೂಪ.

ಯಾಕೆ ಆಗುತ್ತದೆ? ಕಾರಣಗಳು ಹಲವು. ಸ್ಟೆಂಟ್ ಪೂರ್ತಿ ಅರಳದೆ ಇರಬಹುದು. ಗೋಡೆಗೆ ಸರಿಯಾಗಿ ಒತ್ತಿ ಕೂರದೆ ನಡುವೆ ಸಂದು ಉಳಿದಿರಬಹುದು. ಸ್ಟೆಂಟಿನ ತುದಿಯಲ್ಲಿ ನಾಳದ ಗೋಡೆ ಸೀಳಿರಬಹುದು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಹೃದಯದ ಪಂಪ್ ಮಾಡುವ ಶಕ್ತಿ ಕಡಿಮೆ ಇರುವುದು, ಬೀಡಿ ಸಿಗರೇಟು, ಇವೂ ಸೇರುತ್ತವೆ. ಆ ಎರಡು ಮಾತ್ರೆಗಳಲ್ಲಿ ಒಂದಾಗಿ ಕೊಡುವ ಕ್ಲೋಪಿಡೊಗ್ರೆಲ್ ಕೆಲವರ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದನ್ನು ಯಕೃತ್ತು ಬದಲಾಯಿಸಿದ ಮೇಲೆಯೇ ಅದು ಕೆಲಸ ಮಾಡುವುದು. ಆ ಬದಲಾವಣೆ ಮಾಡುವ ಕಿಣ್ವ ಹುಟ್ಟಿನಿಂದಲೇ ಮಂದ ಇರುವವರು ನಮ್ಮ ದೇಶದಲ್ಲಿ ಸಾಕಷ್ಟು ಜನ ಇದ್ದಾರೆ.

ಆದರೆ ಎಲ್ಲಕ್ಕಿಂತ ಮೇಲೆ ನಿಲ್ಲುವ ಕಾರಣ, ನಮ್ಮ ಕೈಯಲ್ಲೇ ಇರುವ ಕಾರಣ, ಮಾತ್ರೆಯನ್ನು ನಡುವೆ ನಿಲ್ಲಿಸುವುದು.

ಹಾಗಾದರೆ ಚಿಕಿತ್ಸೆ ಏನು? ಸಾಧ್ಯವಾದಷ್ಟು ಬೇಗ ಮತ್ತೆ ಸ್ಟೆಂಟ್ ಹಾಕುವ ಕೋಣೆ, ಅಂದರೆ ಕ್ಯಾಥ್‌ಲ್ಯಾಬ್. ಮುಚ್ಚಿದ ಸ್ಟೆಂಟಿನ ಒಳಗೆ ಸಣ್ಣ ತಂತಿ ತೂರಿಸುತ್ತಾರೆ. ಹೆಪ್ಪು ಜಾಸ್ತಿ ಇದ್ದರೆ ಕೆಲವೊಮ್ಮೆ ಹೀರಿ ತೆಗೆಯುತ್ತಾರೆ. ಬಲೂನ್ ಉಬ್ಬಿಸಿ ದಾರಿ ಬಿಡಿಸುತ್ತಾರೆ. ಪ್ಲೇಟ್‌ಲೆಟ್‌ಗಳನ್ನು ತಡೆಯುವ ಟಿರೋಫಿಬಾನ್‌ನಂಥ ಔಷಧಿಯನ್ನು ರಕ್ತಕ್ಕೆ ಕೊಡಬೇಕಾಗಬಹುದು. ರಕ್ತ ಹರಿಯಲು ಶುರುವಾದ ಮೇಲೆ ನಿಜವಾದ ಪ್ರಶ್ನೆ ಬರುತ್ತದೆ: ಇದು ಯಾಕೆ ಆಯಿತು? ಅದಕ್ಕೆ ನಾಳದ ಒಳಗೇ ಹೋಗಿ ನೋಡುವ ಎರಡು ಸಾಧನಗಳಿವೆ. ಒಂದು ಅಲ್ಟ್ರಾಸೌಂಡ್‌ನಿಂದ ನೋಡುವುದು, ಐವಸ್ ಎನ್ನುತ್ತಾರೆ. ಇನ್ನೊಂದು ಬೆಳಕಿನಿಂದ ನೋಡುವುದು, ಓಸಿಟಿ. ಸ್ಟೆಂಟ್ ಅರಳಿಲ್ಲ ಎಂದು ಕಂಡರೆ ಗಟ್ಟಿ ಬಲೂನಿನಿಂದ ಮತ್ತೆ ಅರಳಿಸಿದರೆ ಸಾಕು. ತುದಿ ಸೀಳಿದ್ದರೆ ಇನ್ನೊಂದು ಸ್ಟೆಂಟ್. ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಹೀಗಾಗಿದ್ದರೆ ಕ್ಲೋಪಿಡೊಗ್ರೆಲ್ ಬಿಡಿಸಿ ಟಿಕಾಗ್ರೆಲರ್ ಅಥವಾ ಪ್ರಾಸುಗ್ರೆಲ್‌ಗೆ ಬದಲಾಯಿಸುತ್ತಾರೆ.

ಕ್ಯಾಥ್‌ಲ್ಯಾಬ್ ಅಂದ ಕೂಡಲೇ ನಮ್ಮ ಕಡೆಯವರಿಗೆ ದೂರದ ಲೆಕ್ಕ ಬರುತ್ತದೆ. ಕೊಟ್ಟಿಗೆಹಾರದಲ್ಲಿ ಮಳೆ ಹಿಡಿದರೆ ಚಾರ್ಮಾಡಿ ಇಳಿಯಲು ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಸಕಲೇಶಪುರದ ಒಳಗಿನ ತೋಟದಿಂದ ಟಾರ್ ರಸ್ತೆಗೆ ಬರಲೇ ಅರ್ಧ ಗಂಟೆ. ಚಿಕ್ಕಮಗಳೂರಿನಿಂದ ಹಾಸನಕ್ಕೆ 60 ಕಿಲೋಮೀಟರ್, ಹಾಸನದಿಂದ ಮೈಸೂರಿಗೆ ಸುಮಾರು 120. ವೈದ್ಯರ ನಿಯಮ ಏನೆಂದರೆ, ಎರಡು ಗಂಟೆಯೊಳಗೆ ಬಲೂನ್ ಚಿಕಿತ್ಸೆ ಸಿಗುವ ಹಾಗಿದ್ದರೆ ನೇರ ಅಲ್ಲಿಗೇ ಹೋಗಬೇಕು. ಸಿಗದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲು, ಕ್ಯಾಥ್‌ಲ್ಯಾಬ್ ಆಮೇಲೆ. ಸ್ಟೆಂಟಿನ ಒಳಗಿನ ಹೆಪ್ಪಿಗೆ ಬಲೂನ್ ಚಿಕಿತ್ಸೆಯೇ ಮೇಲು. ಆದರೂ ದಾರಿ ದೂರ ಇದ್ದಾಗ ಇಂಜೆಕ್ಷನ್ ಜೀವ ಉಳಿಸಬಹುದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅವರು ಹೃದಯಾಘಾತ ಎಂದರೆ ಟೆನೆಕ್ಟೆಪ್ಲೇಸ್ ಎಂಬ ಈ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಇದೆಯಾ, ರಾತ್ರಿಯೂ ನಡೆಯುವ ಕ್ಯಾಥ್‌ಲ್ಯಾಬ್ ಹತ್ತಿರದಲ್ಲಿ ಎಲ್ಲಿದೆ, ಇವೆರಡನ್ನು ಆರೋಗ್ಯ ಚೆನ್ನಾಗಿರುವಾಗಲೇ ಕೇಳಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಫೋನ್ ಹಿಡಿದು ಹುಡುಕುವ ವಿಷಯ ಅಲ್ಲ ಇದು.

ಗುರುತು ಹೀಗೆ: ಎದೆಯ ನಡುವೆ ಒತ್ತಿದ ಹಾಗೆ, ಹಿಂಡಿದ ಹಾಗೆ ನೋವು. ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯಬಹುದು. ತಣ್ಣನೆ ಬೆವರು, ಉಸಿರು ಕಟ್ಟುವುದು, ವಾಂತಿ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಬೆವರು, ಸುಸ್ತು ಆಗಬಹುದು. ಇದು ಬಂದರೆ ಸೋಡಾ ಕುಡಿಸಿ ಮಲಗಿಸಬೇಡಿ. ರೋಗಿಯೇ ಬೈಕ್ ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. 108ಕ್ಕೆ ಫೋನ್ ಮಾಡಿ. ಬಂದವರಿಗೆ ಮೊದಲ ಮಾತೇ ‘ಇವರಿಗೆ ಇಂಥ ತಿಂಗಳು ಸ್ಟೆಂಟ್ ಹಾಕಿದೆ’ ಎಂದಿರಲಿ. ಆ ಒಂದು ಮಾತಿನಿಂದ ಇಸಿಜಿ ಓದುವ ರೀತಿಯೇ ಬದಲಾಗುತ್ತದೆ.

ಸ್ಟೆಂಟ್ ಹಾಕಿದ ಮೊದಲ ಒಂದೆರಡು ದಿನ ಎದೆಯಲ್ಲಿ ಸಣ್ಣದಾಗಿ ಎಳೆದ ಹಾಗೆ ಆಗುವುದುಂಟು. ನಾಳ ಹಿಗ್ಗಿದ್ದರಿಂದ ಬರುವ ನೋವು ಅದು, ತಾನಾಗಿ ಹೋಗುತ್ತದೆ. ಆದರೆ ಅದು ಯಾವ ನೋವು ಎಂದು ತೀರ್ಮಾನ ಮಾಡುವ ಕೆಲಸ ಮನೆಯವರದಲ್ಲ. ಇಸಿಜಿ ಹೇಳಲಿ.

ಮಾತ್ರೆ ಎಲ್ಲಿ ತಪ್ಪುತ್ತದೆ

ಆಸ್ಪಿರಿನ್ ಜೊತೆಗೆ ಇನ್ನೊಂದು ಮಾತ್ರೆ: ಕ್ಲೋಪಿಡೊಗ್ರೆಲ್, ಟಿಕಾಗ್ರೆಲರ್, ಪ್ರಾಸುಗ್ರೆಲ್, ಇವುಗಳಲ್ಲಿ ಒಂದು. ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರೆ ಸಾಮಾನ್ಯವಾಗಿ ಎರಡೂ ಒಂದು ವರ್ಷ. ಹೃದಯಾಘಾತ ಇಲ್ಲದೆ ಬ್ಲಾಕ್‌ಗೆ ಮಾತ್ರ ಹಾಕಿದ್ದರೆ ಆರು ತಿಂಗಳು. ರಕ್ತಸ್ರಾವದ ಅಪಾಯ ಜಾಸ್ತಿ ಇರುವವರಿಗೆ ಇದನ್ನು ಒಂದರಿಂದ ಮೂರು ತಿಂಗಳಿಗೂ ಇಳಿಸುತ್ತಾರೆ. ಆಮೇಲೆ ಒಂದು ಮಾತ್ರೆ ಜೀವನಪೂರ್ತಿ. ಎಷ್ಟು ತಿಂಗಳು ಎನ್ನುವುದನ್ನು ಸ್ಟೆಂಟ್ ಹಾಕಿದ ಡಾಕ್ಟರ್ ಹೇಳಬೇಕು, ಪಕ್ಕದ ಮನೆಯವರ ಚೀಟಿ ನೋಡಿ ಲೆಕ್ಕ ಹಾಕಬಾರದು.

ಬೇಕೆಂದೇ ಬಿಡುವವರು ಕಡಿಮೆ. ತಪ್ಪುವುದು ಬೇರೆ ರೀತಿಯಲ್ಲಿ. ಕಾಫಿ ಹಣ್ಣಿನ ಕುಯ್ಲು ಶುರುವಾದರೆ ಮಾತ್ರೆ ತರಲು ಪೇಟೆಗೆ ಹೋಗುವವರು ಯಾರು? ಮದುವೆಗೆಂದು ಬೆಂಗಳೂರಿಗೆ ಹೋದಾಗ ಸ್ಟ್ರಿಪ್ ಮನೆಯಲ್ಲೇ ಉಳಿಯುತ್ತದೆ. ಟಿಕಾಗ್ರೆಲರ್ ದಿನಕ್ಕೆ ಎರಡು ಸಲ ತೆಗೆದುಕೊಳ್ಳುವ ಮಾತ್ರೆ. ಅದರ ಪ್ರಭಾವ ಬೇಗ ಇಳಿಯುತ್ತದೆ. ರಾತ್ರಿಯದು ಮರೆತು ಮರುದಿನದ್ದೂ ತಪ್ಪಿದರೆ ಸ್ಟೆಂಟಿನ ಕಾವಲು ಸಡಿಲವಾಗುತ್ತದೆ. ದುಡ್ಡಿಗೆ ಕಷ್ಟವಾದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಕಡಿಮೆ ಬೆಲೆಯ ಕ್ಲೋಪಿಡೊಗ್ರೆಲ್‌ಗೆ ಬದಲಾಯಿಸಬಹುದಾ ಎಂದು ಅವರು ನೋಡುತ್ತಾರೆ. ಜನೌಷಧಿ ಅಂಗಡಿಯಲ್ಲಿ ಅದು ಇನ್ನೂ ಅಗ್ಗ. ಕೇಳದೆ ನಿಲ್ಲಿಸುವುದಕ್ಕಿಂತ ಕೇಳಿ ಬದಲಾಯಿಸುವುದು ಸಾವಿರ ಪಾಲು ಮೇಲು.

ಇನ್ನೊಂದು ಕಡೆ ತಪ್ಪುವುದು ಹಲ್ಲಿನ ಡಾಕ್ಟರ್ ಹತ್ತಿರ. ನಮ್ಮ ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿ ಮೂರನೇ ತಿಂಗಳು ದವಡೆ ಹಲ್ಲು ನೋವು ಶುರುವಾಯಿತು. ಪೇಟೆಯ ಒಂದು ಕ್ಲಿನಿಕ್‌ನಲ್ಲಿ ‘ಒಂದು ವಾರ ರಕ್ತದ ಮಾತ್ರೆ ನಿಲ್ಸಿ ಬನ್ನಿ ಯಜಮಾನ್ರೇ, ಕಿತ್ತು ಕಳಿಸ್ತೀವಿ’ ಎಂದರಂತೆ. ದೊಡ್ಡಪ್ಪ ತಲೆ ಅಲ್ಲಾಡಿಸಿ ಮನೆಗೆ ಬಂದರು. ದೊಡ್ಡಮ್ಮ ಮಾತ್ರ ಒಪ್ಪಲಿಲ್ಲ. ‘ಹಾರ್ಟ್ ಡಾಕ್ಟ್ರನ್ನ ಒಂದ್ ಮಾತು ಕೇಳ್ರೀ’ ಎಂದು ಫೋನ್ ಮಾಡಿಸಿದರು. ಮಾತ್ರೆ ನಿಲ್ಲಿಸದೇ ಹಲ್ಲು ಕೀಳಿಸಿ ಎಂದು ಆ ಕಡೆಯಿಂದ ಉತ್ತರ ಬಂತು. ಹಾಗೇ ಆಯಿತು. ಹತ್ತಿ ಕಚ್ಚಿಕೊಂಡು ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕಾಯಿತು, ಅಷ್ಟೇ. ಹಲ್ಲಿನ ಗುಳಿಯ ರಕ್ತವನ್ನು ಒತ್ತಿ ಹಿಡಿದು, ಹೊಲಿಗೆ ಹಾಕಿ ನಿಲ್ಲಿಸಬಹುದು. ಹೃದಯದೊಳಗಿನ ಸ್ಟೆಂಟ್ ಮುಚ್ಚಿದರೆ ಒತ್ತಿ ಹಿಡಿಯಲು ಜಾಗವಿಲ್ಲ.

ಹರ್ನಿಯಾ, ಕಣ್ಣಿನ ಪೊರೆ, ಮಂಡಿ ಚಿಪ್ಪಿನ ಬದಲಾವಣೆ, ಯಾವುದೇ ಆಪರೇಷನ್ ಆಗಲಿ, ಎರಡು ಡಾಕ್ಟರುಗಳು ಮಾತಾಡಿಕೊಳ್ಳಬೇಕು. ಕಣ್ಣಿನ ಪೊರೆಗೆ ಸಾಮಾನ್ಯವಾಗಿ ಏನೂ ನಿಲ್ಲಿಸಬೇಕಿಲ್ಲ. ಮುಂದೂಡಬಹುದಾದ ದೊಡ್ಡ ಆಪರೇಷನ್‌ಗಳನ್ನು ಎರಡು ಮಾತ್ರೆಯ ಅವಧಿ ಮುಗಿಯುವವರೆಗೆ ಮುಂದೂಡುತ್ತಾರೆ. ತಡೆಯಲಾಗದ್ದಾದರೆ ಒಂದನ್ನು ನಿಲ್ಲಿಸಿ ಆಸ್ಪಿರಿನ್ ಉಳಿಸಿಕೊಳ್ಳುವ ದಾರಿ ಹುಡುಕುತ್ತಾರೆ.

ರಕ್ತ ಸುರಿದರೆ

ಹೆಪ್ಪು ಕಟ್ಟದ ಹಾಗೆ ನೋಡಿಕೊಂಡರೆ ರಕ್ತ ಬೇಗ ನಿಲ್ಲುವುದಿಲ್ಲ. ಇದು ಮಾತ್ರೆಯ ಇನ್ನೊಂದು ಮುಖ. ಮಲೆನಾಡಿನವರಿಗೆ ಇದು ಗೊತ್ತಾಗುವುದು ಮಳೆಗಾಲದಲ್ಲಿ, ಇಂಬಳ ಕಚ್ಚಿದಾಗ.

ಇಂಬಳ ಕಚ್ಚಿದರೆ ಯಾರಿಗಾದರೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ. ಯಾಕೆಂದರೆ ಜಿಗಣೆ ಜಾತಿಯ ಹುಳುಗಳ ಜೊಲ್ಲಿನಲ್ಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುತ್ತದೆ. ಔಷಧಿಗೆ ಬಳಸುವ ಜಿಗಣೆಯಲ್ಲಿರುವ ಅಂಥ ಒಂದು ವಸ್ತುವಿನ ಹೆಸರು ಹಿರುಡಿನ್. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ತಯಾರಿಸಿದ ಬೈವಲಿರುಡಿನ್ ಎಂಬ ಔಷಧಿಯನ್ನು ಸ್ಟೆಂಟ್ ಹಾಕುವಾಗ ಕ್ಯಾಥ್‌ಲ್ಯಾಬ್‌ನಲ್ಲಿ ಕೊಡುವುದುಂಟು! ಈಗ ಯೋಚಿಸಿ: ಮೈಯಲ್ಲಿ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಎರಡೂ ಇವೆ. ಮೇಲಿಂದ ಇಂಬಳದ ಜೊಲ್ಲು. ಪಾದದ ಗಂಟಿನ ಹತ್ತಿರ ಸಾಸಿವೆ ಕಾಳಷ್ಟು ಗಾಯ, ಆದರೆ ಸಾಕ್ಸ್ ಪೂರ್ತಿ ಒದ್ದೆ. ಒರೆಸಿದರೆ ಮತ್ತೆ ಹನಿ, ಮತ್ತೆ ಹನಿ. ಇದನ್ನು ನೋಡಿ ಹೆದರಿ ಮಾತ್ರೆ ಬಿಟ್ಟವರಿದ್ದಾರೆ. ಬಿಡಬೇಡಿ. ಗಾಯ ತೊಳೆದು, ಶುಭ್ರ ಬಟ್ಟೆ ಮಡಚಿಟ್ಟು ಹದಿನೈದು, ಇಪ್ಪತ್ತು ನಿಮಿಷ ಎತ್ತದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಲೆಕ್ಕ ಮೊದಲಿಂದ ಶುರು. ಬಿಗಿಯಾಗಿ ಪಟ್ಟಿ ಕಟ್ಟಿ ಕಾಲು ಮೇಲೆತ್ತಿಟ್ಟು ಕುಳಿತರೆ ನಿಲ್ಲುತ್ತದೆ. ತೋಟಕ್ಕೆ ಇಳಿಯುವಾಗ ಉದ್ದದ ಇಂಬಳದ ಸಾಕ್ಸ್, ಗಮ್ ಬೂಟ್ ಹಾಕಿ.

ಚರ್ಮದ ಮೇಲೆ ಅಲ್ಲಲ್ಲಿ ನೀಲಿ ಕಲೆ, ಹಲ್ಲುಜ್ಜುವಾಗ ಸ್ವಲ್ಪ ರಕ್ತ, ಶೇವ್ ಮಾಡುವಾಗ ಗೀರಿದ್ದು ನಿಲ್ಲಲು ತಡ, ಇವೆಲ್ಲ ಮುಂದಿನ ಚೆಕಪ್‌ನಲ್ಲಿ ಹೇಳಿದರೆ ಸಾಕಾಗುವಂಥವು. ಆದರೆ ಮಲ ಡಾಂಬರಿನಷ್ಟು ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ಅದು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಗುರುತು. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಇಷ್ಟು ಅಂಟು ಇರುವುದಿಲ್ಲ. ಸಂಶಯ ಬಂದರೆ ಅವತ್ತೇ ತೋರಿಸಿ. ರಕ್ತ ವಾಂತಿ, ಮೂತ್ರದಲ್ಲಿ ರಕ್ತ, ನಿಂತರೆ ಕಣ್ಣು ಕತ್ತಲೆ, ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು, ಇದ್ದಕ್ಕಿದ್ದ ಹಾಗೆ ಬಾಯಿ ಸೊಟ್ಟ, ಇವಕ್ಕೆ ಕೂಡಲೇ ಹೊರಡಿ.

ಹೊಟ್ಟೆಯ ರಕ್ತಸ್ರಾವಕ್ಕೆ ಚಿಕಿತ್ಸೆ ಇದೆ. ಎಂಡೋಸ್ಕೋಪಿ ಮಾಡಿ ಸೋರುವ ಜಾಗಕ್ಕೆ ಇಂಜೆಕ್ಷನ್ ಕೊಡುತ್ತಾರೆ, ಕ್ಲಿಪ್ ಹಾಕುತ್ತಾರೆ. ಹೊಟ್ಟೆಯ ಆಮ್ಲ ತಗ್ಗಿಸುವ ಔಷಧಿ ಕೊಡುತ್ತಾರೆ. ಬೇಕಾದರೆ ರಕ್ತ ಕೊಡುತ್ತಾರೆ. ಕಷ್ಟದ ಭಾಗ ಅಂದರೆ ರಕ್ತದ ಮಾತ್ರೆಗಳನ್ನು ಏನು ಮಾಡುವುದು ಅನ್ನುವುದು. ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ ಸ್ಟೆಂಟಿಗೆ ಅಪಾಯ, ಎರಡನ್ನೂ ಮುಂದುವರಿಸಿದರೆ ಹೊಟ್ಟೆಗೆ ಅಪಾಯ. ಸ್ಟೆಂಟ್ ಹಾಕಿ ಎಷ್ಟು ದಿನವಾಯಿತು, ರಕ್ತ ಎಷ್ಟು ಹೋಗಿದೆ ಎಂದು ತೂಗಿ ನೋಡಿ, ಸಾಧ್ಯವಾದರೆ ಒಂದನ್ನು ಉಳಿಸಿಕೊಳ್ಳುತ್ತಾರೆ.

ಇದನ್ನು ತಡೆಯಲು ಎರಡು ಮಾತು ನೆನಪಿಡಿ. ಬೆನ್ನುನೋವು, ಮಂಡಿನೋವು ಎಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಯನ್ನಾಗಲಿ, ಸೊಂಟಕ್ಕೆ ‘ಪೇನ್‌ಕಿಲ್ಲರ್’ ಇಂಜೆಕ್ಷನ್ ಅನ್ನಾಗಲಿ ಕೇಳದೆ ತೆಗೆದುಕೊಳ್ಳಬೇಡಿ. ದಿನವಿಡೀ ಬಗ್ಗಿ ಕೆಲಸ ಮಾಡುವ ನಮ್ಮ ಜನ ಇದನ್ನು ಮಿಠಾಯಿಯ ಹಾಗೆ ನುಂಗುತ್ತಾರೆ, ನನಗೆ ತುಂಬಾ ಚಿಂತೆ ಇರುವುದು ಇದರ ಬಗ್ಗೆಯೇ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಇನ್ನೊಂದು, ಗ್ಯಾಸ್ಟ್ರಿಕ್ ಮಾತ್ರೆ. ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಹೊಂದುವುದಿಲ್ಲ, ಅವು ಅದರ ಶಕ್ತಿ ಕುಗ್ಗಿಸುತ್ತವೆ. ಪ್ಯಾಂಟೊಪ್ರಜೋಲ್‌ನಿಂದ ಆ ತೊಂದರೆ ಕಡಿಮೆ. ಮೆಡಿಕಲ್‌ನಲ್ಲಿ ‘ಗ್ಯಾಸ್ಟ್ರಿಕ್‌ಗೆ ಒಂದು ಕೊಡಿ’ ಎಂದು ಸುಮ್ನೆ ಕೇಳುವಾಗ ಇದು ನೆನಪಿರಲಿ.

ಟಿಕಾಗ್ರೆಲರ್ ತೆಗೆದುಕೊಳ್ಳುವವರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನಕ್ಕೆ ಉಸಿರು ಸಾಲದ ಹಾಗೆ ಅನಿಸುತ್ತದೆ. ಕೂತಲ್ಲೇ ಒಂದು ದೀರ್ಘ ಉಸಿರು ಎಳೆಯಬೇಕು ಅನಿಸುವುದು. ಅದು ಮಾತ್ರೆಯದೇ ಗುಣ, ಎಷ್ಟೋ ಜನಕ್ಕೆ ತಾನಾಗಿ ಕಡಿಮೆಯಾಗುತ್ತದೆ. ಹೃದಯದ ಕಾರಣಕ್ಕೆ ಅಲ್ಲ ಎಂದು ಒಮ್ಮೆ ಪರೀಕ್ಷೆ ಮಾಡಿಸಿ. ತಡೆಯಲಾಗದಿದ್ದರೆ ಬೇರೆ ಮಾತ್ರೆ ಕೊಡುತ್ತಾರೆ. ಇಲ್ಲೂ ನಾವಾಗಿ ನಿಲ್ಲಿಸುವ ಹಾಗಿಲ್ಲ.

ಮೊದಲ ವಾರ: ಕೈ, ತೊಡೆ, ಕಿಡ್ನಿ

ಈಗ ಹೆಚ್ಚಿನವರಿಗೆ ಮಣಿಕಟ್ಟಿನ ನಾಳದಿಂದಲೇ ಒಳಗೆ ಹೋಗಿ ಸ್ಟೆಂಟ್ ಹಾಕುತ್ತಾರೆ. ಮುಂಗೈ ತುಂಬ ಕಪ್ಪು, ಹಸಿರು, ಹಳದಿ ಬಣ್ಣ ಹರಡಿದರೆ ನೋಡಲು ಭಯ, ಆದರೆ ಎರಡು ವಾರದಲ್ಲಿ ಹೋಗುತ್ತದೆ. ಕೈ ಕಲ್ಲಿನಂತೆ ಗಟ್ಟಿಯಾಗಿ ಊದಿ, ಬೆರಳು ಆಡಿಸಿದರೆ ಪ್ರಾಣ ಹೋಗುವಷ್ಟು ನೋವಾದರೆ, ಬೆರಳು ತಣ್ಣಗಾಗಿ ಬಿಳಚಿಕೊಂಡರೆ ಕೂಡಲೇ ಆಸ್ಪತ್ರೆ. ಕೆಲವರಿಗೆ ಮಣಿಕಟ್ಟಿನ ನಾಡಿಯೇ ಸಿಗದ ಹಾಗೆ ನಾಳ ಮುಚ್ಚುತ್ತದೆ. ಅಂಗೈಗೆ ಇನ್ನೊಂದು ನಾಳದಿಂದಲೂ ರಕ್ತ ಬರುವುದರಿಂದ ಸಾಮಾನ್ಯವಾಗಿ ತೊಂದರೆ ಗೊತ್ತಾಗುವುದಿಲ್ಲ.

ತೊಡೆಯಿಂದ ಮಾಡಿದ್ದರೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ತೊಡೆ ಸಂದಿಯಲ್ಲಿ ಮಿಡಿಯುವ ಗಂಟು ಬಂದರೆ ನಾಳದ ತೂತು ಪೂರ್ತಿ ಮುಚ್ಚಿಲ್ಲ ಎಂದರ್ಥ. ಡಾಪ್ಲರ್ ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ. ಸಣ್ಣದಾದರೆ ತಾನೇ ಮುಚ್ಚಬಹುದು. ದೊಡ್ಡದಾದರೆ ಸ್ಕ್ಯಾನ್ ನೋಡುತ್ತಲೇ ಒತ್ತಿ, ಇಲ್ಲವೇ ಹೆಪ್ಪು ಕಟ್ಟಿಸುವ ಥ್ರಾಂಬಿನ್ ಇಂಜೆಕ್ಷನ್ ಕೊಟ್ಟು ಮುಚ್ಚುತ್ತಾರೆ. ಆಪರೇಷನ್ ಬೇಕಾಗುವುದು ಕಡಿಮೆ. ಸೊಂಟದ ಪಕ್ಕದಲ್ಲಿ ನೋವು, ಜೊತೆಗೆ ಬೆವರು, ಬಿಪಿ ಇಳಿಯುವುದು ಇದ್ದರೆ ಹೊಟ್ಟೆಯ ಹಿಂಭಾಗದಲ್ಲಿ ರಕ್ತ ತುಂಬುತ್ತಿರಬಹುದು. ಹೊರಗೆ ಹನಿ ರಕ್ತ ಕಾಣುವುದಿಲ್ಲ. ಹಾಗಾಗಿ ಇದು ಮೋಸದ ತೊಂದರೆ.

ಆಂಜಿಯೋಗ್ರಾಮ್‌ನ ಬಣ್ಣದ ಔಷಧಿ ಕಿಡ್ನಿಗೆ ಭಾರ. ಸಕ್ಕರೆ ಕಾಯಿಲೆ ಹಳತಾದವರಿಗೆ, ಕಿಡ್ನಿ ಮೊದಲೇ ಸೊರಗಿದವರಿಗೆ ಎರಡು ಮೂರು ದಿನದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತದ ಅಂಶ) ಏರಬಹುದು. ಆದ್ದರಿಂದ ಅವರು ಡಿಸ್ಚಾರ್ಜ್ ಆದ ಮೇಲೂ ಒಮ್ಮೆ ಕ್ರಿಯಾಟಿನಿನ್ ನೋಡಿಸಬೇಕು. ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಯಾವಾಗ ಮತ್ತೆ ಶುರು ಮಾಡಬೇಕು ಎಂದು ಕೇಳಿ ಬನ್ನಿ.

ಕ್ಯಾಥ್‌ಲ್ಯಾಬ್ ಒಳಗೇ ಆಗುವ ತೊಂದರೆಗಳ ಬಗ್ಗೆ ಮನೆಯವರು ಮಾಡುವಂಥದ್ದು ಏನೂ ಇಲ್ಲ, ಆದರೂ ಹೆಸರು ಕೇಳಿದಾಗ ಗಾಬರಿ ಬೇಡ. ನಾಳ ಸೀಳಿದರೆ ಇನ್ನೊಂದು ಸ್ಟೆಂಟ್ ಹಾಕುತ್ತಾರೆ. ತೂತಾದರೆ ಬಲೂನಿನಿಂದ ಅಲ್ಲೇ ಒತ್ತಿ ಹಿಡಿದು, ಬೇಕಾದರೆ ಹೊದಿಕೆ ಇರುವ ಸ್ಟೆಂಟ್ ಹಾಕಿ ಮುಚ್ಚುತ್ತಾರೆ. ಹೃದಯದ ಸುತ್ತ ರಕ್ತ ತುಂಬಿದರೆ ಸೂಜಿಯಿಂದ ಹೊರಗೆ ತೆಗೆಯುತ್ತಾರೆ.

ಸ್ಟೆಂಟ್ ಒಳಗೇ ಮತ್ತೆ ಬ್ಲಾಕ್

ಇದು ನಿಧಾನದ ತೊಂದರೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ, ಕೆಲವೊಮ್ಮೆ ಅದಕ್ಕಿಂತ ತಡವಾಗಿ. ಸ್ಟೆಂಟ್ ಆದ ಮೇಲೆ ಆರಾಮಾಗಿ ದಿಬ್ಬ ಹತ್ತಿ ತೋಟ ಸುತ್ತುತ್ತಿದ್ದವರು ಈಗ ಅರ್ಧಕ್ಕೇ ನಿಲ್ಲುತ್ತಾರೆ. ಎದೆ ಬಿಗಿ, ನಿಂತರೆ ಐದು ನಿಮಿಷದಲ್ಲಿ ಮಾಯ. ಮೊದಲು ಏನಾಗುತ್ತಿತ್ತೋ ಅದೇ ಮತ್ತೆ. ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗಬೇಡಿ. ಆ ವಾರವೇ ತೋರಿಸಿ. ಕೂತಾಗಲೂ ನೋವು ಬರಲು ಶುರುವಾದರೆ ಅವತ್ತೇ.

ಹೀಗಾದಾಗ ಸುಮ್ನೆ ಇನ್ನೊಂದು ಸ್ಟೆಂಟ್ ತೂರಿಸಿ ಬಿಡುವ ಕಾಲ ಹೋಯಿತು. ಮೊದಲು ಓಸಿಟಿ ಅಥವಾ ಐವಸ್‌ನಲ್ಲಿ ಕಾರಣ ನೋಡುತ್ತಾರೆ. ಹಳೆಯ ಸ್ಟೆಂಟ್ ಅರಳದೆ ಉಳಿದಿದ್ದರೆ ಅದನ್ನು ಅರಳಿಸದೆ ಮೇಲೆ ಇನ್ನೊಂದು ಹಾಕಿ ಉಪಯೋಗವಿಲ್ಲ. ಸ್ಟೆಂಟಿನ ಹಿಂದಿನ ಗೋಡೆಯಲ್ಲಿ ಸುಣ್ಣದಂತೆ ಗಟ್ಟಿಯಾದ ಪದರ ಇದ್ದರೆ, ಬಲೂನಿನ ಒಳಗಿಂದ ಶಬ್ದದ ಅಲೆ ಹೊಡೆದು ಅದನ್ನು ಬಿರುಕು ಬಿಡಿಸುವ ಹೊಸ ವಿಧಾನ ಬಂದಿದೆ. ಒಳಪದರ ಬೆಳೆದಿದ್ದರೆ ಅದನ್ನು ಗೀರಿ ಹಿಗ್ಗಿಸುವ ಬಲೂನ್ ಇದೆ. ಆಮೇಲೆ ಎರಡು ದಾರಿ: ಹೊಸ ಔಷಧಿ ಸ್ಟೆಂಟ್, ಇಲ್ಲವೇ ಔಷಧಿ ಸವರಿದ ಬಲೂನ್. ಈ ಬಲೂನನ್ನು ಅರ್ಧ ನಿಮಿಷದಿಂದ ಒಂದು ನಿಮಿಷ ಉಬ್ಬಿಸಿಟ್ಟರೆ ಔಷಧಿ ಗೋಡೆಗೆ ಇಳಿಯುತ್ತದೆ, ಬಲೂನ್ ಹೊರಗೆ ಬರುತ್ತದೆ, ಹೊಸ ಲೋಹ ಒಳಗೆ ಉಳಿಯುವುದಿಲ್ಲ. ಈಗಾಗಲೇ ಎರಡು ಪದರ ಲೋಹ ಇರುವ ಕಡೆ ಇದು ದೊಡ್ಡ ಅನುಕೂಲ ಎಂದು ನನಗನಿಸುತ್ತದೆ. ಪದೇಪದೇ ಮುಚ್ಚುತ್ತಿದ್ದರೆ, ಮೂರು ನಾಳಗಳಲ್ಲೂ ಬ್ಲಾಕ್ ಇದ್ದು ಸಕ್ಕರೆ ಕಾಯಿಲೆಯೂ ಇದ್ದರೆ ಬೈಪಾಸ್ ಮೇಲು. ‘ಆಪರೇಷನ್ ಬೇಡ, ಇನ್ನೊಂದು ಸ್ಟೆಂಟ್ ಹಾಕಿಬಿಡಿ’ ಎಂದು ಹಟ ಹಿಡಿಯುವ ಮುಂಚೆ ಡಾಕ್ಟರ್ ಹೇಳುವುದನ್ನು ಕೂತು ಕೇಳಿ.

ಎಲ್ಲ ನೋವೂ ಹಳೆಯ ಸ್ಟೆಂಟಿನದೇ ಆಗಿರಬೇಕಿಲ್ಲ. ಬೇರೆ ನಾಳದಲ್ಲಿ ಹೊಸ ಬ್ಲಾಕ್ ಆಗಿರಬಹುದು. ಸ್ಟೆಂಟ್ ಒಂದು ಜಾಗ ತೆರೆಯುತ್ತದೆ, ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಅದಕ್ಕೇ ಕೊಬ್ಬಿನ ಮಾತ್ರೆ, ಸ್ಟಾಟಿನ್. ಕೆಟ್ಟ ಕೊಲೆಸ್ಟರಾಲ್ (ಎಲ್‌ಡಿಎಲ್) 55ಕ್ಕಿಂತ ಕೆಳಗಿರಲಿ ಎನ್ನುತ್ತಾರೆ ತಜ್ಞರು. ಲ್ಯಾಬ್ ಚೀಟಿಯಲ್ಲಿ ‘ನಾರ್ಮಲ್’ ಎಂದು ಛಾಪಿಸಿದ 100ರ ಗೆರೆ ಸ್ಟೆಂಟ್ ಹಾಕಿದವರಿಗೆ ಲೆಕ್ಕಕ್ಕಿಲ್ಲ. ಬೀಡಿ, ಸಿಗರೇಟು ಇವತ್ತೇ ಬಿಡಬೇಕು, ಇದರಲ್ಲಿ ರಾಜಿ ಇಲ್ಲ.

ಕೊನೆಗೆ, ಹೆದರಬೇಕಿಲ್ಲದ ಒಂದೆರಡು ವಿಷಯ. ಕೆಮ್ಮಿದರೆ, ಸೀನಿದರೆ ಸ್ಟೆಂಟ್ ಜಾರುವುದಿಲ್ಲ. ವಿಮಾನ ನಿಲ್ದಾಣದ ಲೋಹ ಪತ್ತೆ ಯಂತ್ರದಿಂದ ಏನೂ ಆಗುವುದಿಲ್ಲ. ಈಗಿನ ಸ್ಟೆಂಟ್ ಇರುವವರು ಎಂಆರ್‌ಐ ಮಾಡಿಸಿಕೊಳ್ಳಬಹುದು. ಸ್ಕ್ಯಾನ್ ಮಾಡುವವರು ಸ್ಟೆಂಟ್ ಯಾವುದು, ಯಾವಾಗ ಹಾಕಿದ್ದು ಎಂದು ಕೇಳುತ್ತಾರೆ. ಆ ವಿವರ ಇರುವ ಕಾರ್ಡನ್ನು ಆಸ್ಪತ್ರೆಯವರು ಡಿಸ್ಚಾರ್ಜ್ ಕಾಗದದ ಜೊತೆ ಕೊಟ್ಟಿರುತ್ತಾರೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನ ಮೇಲೆ ಎಸೆದಿದ್ದರೆ ಇವತ್ತೇ ಇಳಿಸಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದು ಮನೆಯವರೆಲ್ಲರಿಗೂ ಕಳಿಸಿ.